ಘಾರಾಪುರಿ: ಗುಹೆಗಳ ಹಿಂದಿನ ಊರು

ಮುಂಬಯಿ ಬಂದರಿನ ನಡುನೀರಿನಲ್ಲಿ, ಗೇಟ್‌ವೇ ಆಫ್ ಇಂಡಿಯಾದಿಂದ ಪೂರ್ವಕ್ಕೆ ಹತ್ತು ಹನ್ನೊಂದು ಕಿಲೋಮೀಟರ್ ದೂರದಲ್ಲಿ ಘಾರಾಪುರಿ ದ್ವೀಪವಿದೆ. ಎರಡು ಗುಡ್ಡ, ಅವುಗಳ ನಡುವೆ ಕಿರಿದಾದ ಕಣಿವೆ, ಸುತ್ತಲೂ ಇಳಿತದಲ್ಲಿ ಮೇಲೆದ್ದು ಭರತದಲ್ಲಿ ಮುಳುಗುವ ಕೆಸರುಬಯಲು, ಅದರಂಚಿಗೆ ಕಾಂಡ್ಲಾ ಕಾಡು. ಜಗತ್ತು ಇದನ್ನು ಎಲಿಫೆಂಟಾ ಎಂದು ಕರೆಯುತ್ತದೆ ಮತ್ತು ಗುಹೆಗಳಿಗಾಗಿ ಮಾತ್ರ ನೆನಪಿಡುತ್ತದೆ. ಆದರೆ ಇಲ್ಲಿ ಶೇಟ್ ಬಂದರ್, ರಾಜ್ ಬಂದರ್, ಮೋರಾ ಬಂದರ್ ಎಂಬ ಮೂರು ಹಳ್ಳಿಗಳಿವೆ. ಸುಮಾರು 1,200 ಜನ ಇಲ್ಲಿ ಹುಟ್ಟಿ, ಬೆಳೆದು, ದುಡಿದು ಬದುಕುತ್ತಾರೆ. ಕಣ್ಣೆದುರಿಗೆ ಮುಂಬಯಿ ಇದ್ದರೂ ದ್ವೀಪ ಸೇರಿರುವುದು ರಾಯಗಢ ಜಿಲ್ಲೆಯ ಉರಣ್ ತಾಲ್ಲೂಕಿಗೆ. ಮಹಾನಗರಪಾಲಿಕೆಯ ನೀರಾಗಲಿ ಬಸ್ಸಾಗಲಿ ಇಲ್ಲಿಗೆ ಬರುವುದಿಲ್ಲ. ಊರ ಆಡಳಿತ ಒಂದು ಗ್ರಾಮ ಪಂಚಾಯಿತಿಯ ಕೈಯಲ್ಲಿದೆ.

ಮುಂಬಯಿಯೂ ಒಂದು ಕಾಲಕ್ಕೆ ಹೀಗೆಯೇ ಬಿಡಿ ಬಿಡಿಯಾಗಿತ್ತು. ಕೊಲಾಬಾ, ಮಾಝಗಾಂವ್, ವರ್ಲಿ, ಪರಳ್, ಮಾಹಿಮ್ ಮೊದಲಾದ ಏಳು ನಡುಗಡ್ಡೆಗಳ ನಡುವಿನ ಹಿನ್ನೀರನ್ನು ಹದಿನೆಂಟು ಮತ್ತು ಹತ್ತೊಂಬತ್ತನೆಯ ಶತಮಾನಗಳಲ್ಲಿ ಕಲ್ಲುಮಣ್ಣು ಸುರಿದು ತುಂಬಿದರು. ಉತ್ತರಕ್ಕೆ ಇನ್ನೊಂದು ದೊಡ್ಡ ದ್ವೀಪ ಸಾಷ್ಟಿ. ಪವಾಯಿ, ಅಂಧೇರಿ, ಘಾಟ್ಕೋಪರ್ ಎಲ್ಲ ಅದರ ಮೇಲಿನ ಹಳ್ಳಿಗಳು. 1803ರಲ್ಲಿ ಸಯನ್ ಬಳಿಯ ಕಟ್ಟೆರಸ್ತೆಯೂ 1845ರಲ್ಲಿ ಮಾಹಿಮ್‌ನ ಕಟ್ಟೆರಸ್ತೆಯೂ ಸಾಷ್ಟಿಯನ್ನು ಮುಂಬಯಿಗೆ ಹೊಲಿದವು. 1853ರಲ್ಲಿ ಬೋರಿಬಂದರಿನಿಂದ ಠಾಣೆಗೆ ರೈಲು ಓಡಿದ ಮೇಲೆ ದ್ವೀಪದ ಮೇಲಿದ್ದೇವೆಂಬ ನೆನಪೇ ಜನರಿಂದ ಅಳಿಯತೊಡಗಿತು. ಬಂದರಿನ ಆಳವಾದ ನೀರಿನ ಆಚೆಗಿದ್ದ ಘಾರಾಪುರಿಯನ್ನು ಮಾತ್ರ ಯಾವ ಕಟ್ಟೆಯೂ ಮುಟ್ಟಲಿಲ್ಲ. ಹಡಗುಗಳಿಗೆ ಆ ಆಳ ಬೇಕಾಗಿತ್ತು, ಅದನ್ನು ತುಂಬುವ ಮಾತೇ ಇರಲಿಲ್ಲ. ನಗರವನ್ನು ಬೆಳೆಸಿದ ಬಂದರೇ ಈ ಊರನ್ನು ದ್ವೀಪವಾಗಿ ಉಳಿಸಿತು.

ದ್ವೀಪದ ಮೊದಲ ದೊಡ್ಡ ಉದ್ಯೋಗ ಕಲ್ಲುಕೆಲಸ. ಪಶ್ಚಿಮದ ಗುಡ್ಡದಲ್ಲಿ ಐದು ಶೈವ ಗುಹೆಗಳೂ ಪೂರ್ವದ ಗುಡ್ಡದಲ್ಲಿ ಎರಡು ಬೌದ್ಧ ಗುಹೆಗಳೂ ಇವೆ. ಬೌದ್ಧ ಗುಹೆಗಳ ಮೇಲಿನ ನೆತ್ತಿಯಲ್ಲಿ ಇಟ್ಟಿಗೆಯ ಸ್ತೂಪವೊಂದರ ಅವಶೇಷವಿದೆ. ಎಲ್ಲಕ್ಕೂ ದೊಡ್ಡದಾದ ಮೊದಲನೆಯ ಗುಹೆ ಸುಮಾರು 39 ಮೀಟರ್ ಉದ್ದಗಲದ ಕಂಬಗಳ ಸಾಲುಮಂಟಪ. ಅದರಲ್ಲಿ ತಂದು ನಿಲ್ಲಿಸಿದ ಕಂಬ ಒಂದೂ ಇಲ್ಲ. ಗುಡ್ಡದ ಹೊಟ್ಟೆಯನ್ನು ಕೊರೆದು ಬೇಡವಾದ ಕಲ್ಲನ್ನೆಲ್ಲ ಹೊರಗೆ ಸಾಗಿಸಿದ ಮೇಲೆ ಉಳಿದದ್ದೇ ಕಂಬ, ತೊಲೆ, ಗೋಡೆ, ಮೂರ್ತಿ. ಇಂಥ ಕೆಲಸದಲ್ಲಿ ತಪ್ಪಿದರೆ ತಿದ್ದಲು ಬರುವುದಿಲ್ಲ. ಒಡೆದ ಮೂಗಿಗೆ ಇನ್ನೊಂದು ಕಲ್ಲನ್ನು ಅಂಟಿಸಿ ಮುಂದೆ ಹೋಗುವಂತಿಲ್ಲ. ಚಾವಣಿಯ ಕಡೆಯಿಂದ ನೆಲದತ್ತ ಇಳಿಯುತ್ತ, ಎಲ್ಲಿ ಕಂಬ ಉಳಿಯಬೇಕು, ಎಲ್ಲಿ ಬಯಲಾಗಬೇಕು ಎಂಬುದನ್ನು ಮೊದಲ ಪೆಟ್ಟಿಗೆ ಮುನ್ನವೇ ಲೆಕ್ಕ ಹಾಕಿರಬೇಕು. ಕಲ್ಲೂ ಸುಲಭದ್ದಲ್ಲ. ದಖ್ಖನ್ ಪ್ರಸ್ಥಭೂಮಿಯನ್ನು ಕಟ್ಟಿದ ಲಾವಾ ಹೆಪ್ಪುಗಟ್ಟಿ ಆದ ಬಸಾಲ್ಟ್ ಇದು. ಬಾದಾಮಿಯ ಮರಳುಗಲ್ಲಿಗಿಂತ ಬಹಳ ಗಡುಸು.

ಬಾದಾಮಿಯ ಹೆಸರು ಇಲ್ಲಿ ಬರುವುದು ಕಲ್ಲಿನ ಹೋಲಿಕೆಗೆ ಮಾತ್ರವಲ್ಲ. ಬಾದಾಮಿಯ ಮೂರನೆಯ ಗುಹೆಯಲ್ಲಿ ಮಂಗಲೇಶನ ಶಾಸನವಿದ್ದು, ಅದರ ಕಾಲ ಕ್ರಿ.ಶ. 578. ಘಾರಾಪುರಿಯ ದೊಡ್ಡ ಗುಹೆಯೂ ಹೆಚ್ಚುಕಡಿಮೆ ಅದೇ ಶತಮಾನದ್ದು. ಕಲಚುರಿ ಅರಸು ಕೃಷ್ಣರಾಜನ ಕಾಲದಲ್ಲಿ, ಆರನೆಯ ಶತಮಾನದ ನಡುಭಾಗದಲ್ಲಿ ಇದನ್ನು ಕೊರೆದಿರಬೇಕೆಂದು ಬಹುತೇಕ ವಿದ್ವಾಂಸರು ಒಪ್ಪುತ್ತಾರೆ. ದ್ವೀಪದಲ್ಲಿ ಕೃಷ್ಣರಾಜನ ಸಣ್ಣ ಬೆಲೆಯ ನಾಣ್ಯಗಳು ಸಿಕ್ಕಿದ್ದು ಈ ಊಹೆಗೆ ಒಂದು ಆಧಾರ. ಅವು ಕೆಲಸಗಾರರಿಗೆ ಕೊಟ್ಟ ಕೂಲಿಯ ಹಣ ಇದ್ದೀತು ಎಂಬ ಅಭಿಪ್ರಾಯವೂ ಇದೆ. ಅದು ನಿಜವಾದರೆ, ಸಾಮಾನ್ಯವಾಗಿ ರಾಜರ ಹೆಸರಿನಲ್ಲಿ ಮಾತ್ರ ಉಳಿಯುವ ಚರಿತ್ರೆಯಲ್ಲಿ ಉಳಿ ಹಿಡಿದ ಕೈಗಳ ಗುರುತೂ ಉಳಿದಂತಾಯಿತು. ಗುಹೆಯ ಶಿಲ್ಪಿಗಳಲ್ಲಿ ಒಬ್ಬರ ಹೆಸರೂ ನಮಗೆ ದಕ್ಕಿಲ್ಲ. ಗುಹೆಯ ಬಾಗಿಲ ಮೇಲಿದ್ದ ಶಾಸನದ ಕಲ್ಲೊಂದನ್ನು ಕಿತ್ತು ಪೋರ್ಚುಗಲ್‌ನ ದೊರೆಗೆ ಕಳಿಸಲಾಯಿತೆಂದೂ ಅಲ್ಲಿ ಅದನ್ನು ಓದಬಲ್ಲವರು ಸಿಗಲಿಲ್ಲವೆಂದೂ ಪೋರ್ಚುಗೀಸ್ ಚರಿತ್ರಕಾರ ದಿಯೋಗು ದು ಕೌಟು ಬರೆದಿಟ್ಟಿದ್ದಾನೆ. ಆ ಕಲ್ಲು ಕಳೆದುಹೋಯಿತು. ಕಟ್ಟಿಸಿದವರು ಯಾರು, ಯಾವಾಗ ಎಂಬುದಕ್ಕೆ ನೇರ ಉತ್ತರ ಅದರಲ್ಲೇ ಇದ್ದಿರಬಹುದು. ಈ ದ್ವೀಪ ಅನುಭವಿಸಿದ ನಷ್ಟಗಳಲ್ಲಿ ಅದಕ್ಕಿಂತ ದೊಡ್ಡದು ಬಹುಶಃ ಇನ್ನೊಂದಿಲ್ಲ.

ಗುಹೆಯ ಒಳಗೆ ಎರಡು ದಾರಿಗಳು ಒಂದನ್ನೊಂದು ಕತ್ತರಿಸುತ್ತವೆ. ಪೂರ್ವದಿಂದ ಪಶ್ಚಿಮಕ್ಕೆ ನಡೆದರೆ ನಾಲ್ಕು ಕಡೆ ಬಾಗಿಲಿರುವ ಗರ್ಭಗುಡಿಯೂ ಅದರೊಳಗಿನ ಲಿಂಗವೂ ಎದುರಾಗುತ್ತವೆ. ಪ್ರತಿ ಬಾಗಿಲ ಇಕ್ಕೆಲಗಳಲ್ಲಿ ಆಳೆತ್ತರಕ್ಕೂ ಮಿಗಿಲಾದ ದ್ವಾರಪಾಲಕರು ನಿಂತಿದ್ದಾರೆ. ಉತ್ತರದ ಬಾಗಿಲಿನಿಂದ ದಕ್ಷಿಣಕ್ಕೆ ನಡೆದರೆ ಕೊನೆಯ ಗೋಡೆಯಲ್ಲಿ ಸದಾಶಿವ. ಐದೂವರೆ ಮೀಟರಿನಷ್ಟು ಎತ್ತರದ, ಎದೆಯಿಂದ ಮೇಲಕ್ಕಷ್ಟೇ ಕಾಣುವ ಈ ಮೂರ್ತಿಗೆ ಕಾಣುವ ಮುಖಗಳು ಮೂರು. ನಡುವೆ ಶಾಂತ ಮುಖ, ಒಂದು ಬದಿಗೆ ರೌದ್ರ, ಇನ್ನೊಂದು ಬದಿಗೆ ಲಲಿತವಾದ ಸ್ತ್ರೀಮುಖ. ತ್ರಿಮೂರ್ತಿ ಎಂಬ ಹೆಸರು ಇದಕ್ಕೆ ಬಳಕೆಯಲ್ಲಿದ್ದರೂ ಬ್ರಹ್ಮ, ವಿಷ್ಣು ಇಲ್ಲಿಲ್ಲ. ಮೂರೂ ಶಿವನ ಮುಖಗಳೇ. ಅಕ್ಕಪಕ್ಕದ ಗೋಡೆಗಳಲ್ಲಿ ಅರ್ಧನಾರೀಶ್ವರ, ಗಂಗಾಧರ, ಶಿವಪಾರ್ವತಿಯರ ಮದುವೆ, ಅಂಧಕಾಸುರ ವಧೆ, ಕೈಲಾಸವನ್ನು ಅಲುಗಿಸುವ ರಾವಣ, ನಟರಾಜ, ಯೋಗೀಶ್ವರ. ಬಾಗಿಲ ಬೆಳಕು ದೂರದಿಂದ ಓರೆಯಾಗಿ ಬೀಳುವುದರಿಂದ ಹೊತ್ತಿಗೊಂದು ಮುಖ ಎದ್ದು ಕಾಣುತ್ತದೆ. ಅವಸರದಲ್ಲಿ ಫೋಟೊ ತೆಗೆದು ಹೊರಟವರಿಗೆ ಇದು ದಕ್ಕುವುದಿಲ್ಲ. ಕಂಬದ ಬುಡದಲ್ಲಿ ಅರ್ಧ ಗಂಟೆ ಸುಮ್ಮನೆ ಕುಳಿತವರಿಗೆ ದಕ್ಕುತ್ತದೆ.

ಇಷ್ಟು ದೊಡ್ಡ ಕೆಲಸ ನೀರಿನ ನಡುವಿನ ಗುಡ್ಡದಲ್ಲಿ ನಡೆಯಿತೆಂದರೆ ಆ ದ್ವೀಪ ಆಗ ಮೂಲೆಯಾಗಿರಲಿಲ್ಲ. ಮೋರಾ ಬಂದರಿನ ಕಡೆ ಮೆಡಿಟರೇನಿಯನ್ ಪ್ರದೇಶದ ದ್ರಾಕ್ಷಾರಸ ಮತ್ತು ಎಣ್ಣೆಯ ಆಂಫೊರಾ ಜಾಡಿಗಳ ಚೂರುಗಳು ಸಿಕ್ಕಿವೆ. ಹಳೆಯ ಕಡಲ ವ್ಯಾಪಾರದ ದಾರಿಯಲ್ಲಿ ಇದು ಹಡಗು ತಂಗುವ ಜಾಗವಾಗಿತ್ತು. ಐಹೊಳೆಯ ಮೇಗುಟಿ ಬಸದಿಯ ಗೋಡೆಯಲ್ಲಿ ಕ್ರಿ.ಶ. 634ರಲ್ಲಿ ರವಿಕೀರ್ತಿ ಬರೆಸಿದ ಶಾಸನ, ಇಮ್ಮಡಿ ಪುಲಕೇಶಿ ನೂರಾರು ಹಡಗುಗಳೊಡನೆ ಪಶ್ಚಿಮ ಸಮುದ್ರದ ಲಕ್ಷ್ಮಿಯಂತಿದ್ದ ಪುರಿಯನ್ನು ಮುತ್ತಿದ್ದನ್ನು ಹೇಳುತ್ತದೆ. ಕೊಂಕಣದ ಮೌರ್ಯರ ರಾಜಧಾನಿಯಾಗಿದ್ದ ಆ ಪುರಿ ಇದೇ ಘಾರಾಪುರಿ ಎನ್ನುವವರಿದ್ದಾರೆ. ದಕ್ಷಿಣಕ್ಕಿರುವ ರಾಜಪುರಿ ಎನ್ನುವವರೂ ಇದ್ದಾರೆ. ವಾದ ಮುಗಿದಿಲ್ಲ. ಆದರೂ ಬಾದಾಮಿಯಿಂದ ಹೊರಟ ಅರಸನ ಕಣ್ಣು ಈ ಕರಾವಳಿಯ ನೀರಿನ ಮೇಲೆ ಬಿದ್ದಿತ್ತೆಂಬುದನ್ನು ಕನ್ನಡ ಓದುಗರು ನೆನಪಿಟ್ಟುಕೊಳ್ಳಬೇಕು. ಪಟ್ಟದಕಲ್ಲೂ ಎಲಿಫೆಂಟಾವೂ ಯುನೆಸ್ಕೊದ ವಿಶ್ವಪರಂಪರೆಯ ಪಟ್ಟಿಗೆ ಸೇರಿದ್ದು ಒಂದೇ ವರ್ಷ, 1987ರಲ್ಲಿ.

ಪೋರ್ಚುಗೀಸರು 1534ರಲ್ಲಿ ಈ ಭಾಗವನ್ನು ವಶಪಡಿಸಿಕೊಂಡರು. ದ್ವೀಪಕ್ಕೆ ಹೊರಜಗತ್ತಿನಲ್ಲಿ ಈಗಿರುವ ಹೆಸರನ್ನು ಕೊಟ್ಟವರು ಅವರು. ಇಳಿದಾಣದ ಹತ್ತಿರ ಒಂದೇ ಬಂಡೆಯಲ್ಲಿ ಕಡೆದ ಆನೆಯೊಂದು ನಿಂತಿತ್ತು. ಅದರ ಮೇಲಿಂದ ಎಲಿಫೆಂಟಾ. 1814ರಲ್ಲಿ ಆ ಆನೆಯ ತಲೆ ಕುತ್ತಿಗೆಗಳು ಕಳಚಿ ಬಿದ್ದವು, ಬಳಿಕ ಮೈಯೂ ಕುಸಿಯಿತು. 1864ರಲ್ಲಿ ತುಂಡುಗಳನ್ನು ಮುಂಬಯಿಯ ಭಾಯಖಳಾದಲ್ಲಿದ್ದ ವಿಕ್ಟೋರಿಯಾ ಗಾರ್ಡನ್ಸ್‌ಗೆ ಸಾಗಿಸಿದರು. ಅರ್ಧ ಶತಮಾನ ಅವು ಕಲ್ಲುಗುಪ್ಪೆಯಾಗಿಯೇ ಬಿದ್ದಿದ್ದು, 1914ರಲ್ಲಿ ಮತ್ತೆ ಜೋಡಣೆಯಾದವು. ಇಂದು ರಾಣಿಬಾಗ್ ಎಂದು ಜನ ಕರೆಯುವ ಆ ಉದ್ಯಾನದ ಬಳಿ, ಡಾ. ಭಾವೂ ದಾಜಿ ಲಾಡ್ ಮ್ಯೂಸಿಯಂ ಅಂಗಳದಲ್ಲಿ ಆನೆ ನಿಂತಿದೆ. ದ್ವೀಪಕ್ಕೆ ಹೆಸರು ಕೊಟ್ಟ ಕಲ್ಲಾನೆಯನ್ನು ನೋಡಬೇಕಾದರೆ ದ್ವೀಪಕ್ಕಲ್ಲ, ಭಾಯಖಳಾಕ್ಕೆ ಹೋಗಬೇಕು.

ಬ್ರಿಟಿಷರು 1774ರಲ್ಲಿ ಸಾಷ್ಟಿಯೊಡನೆ ಇದನ್ನೂ ಹಿಡಿದುಕೊಂಡರು. ಅವರಿಗೆ ಇದು ಒಂದೆಡೆ ವಿಹಾರದ ತಾಣ. 1875ರಲ್ಲಿ ಪ್ರವಾಸ ಬಂದ ವೇಲ್ಸ್ ರಾಜಕುಮಾರನಿಗೆ ಶಿವನ ಗುಹೆಯೊಳಗೇ ಔತಣ ಏರ್ಪಡಿಸಿದ್ದರು. ಇನ್ನೊಂದೆಡೆ ಇದು ಬಂದರಿನ ಕಾವಲುಗೋಪುರ. ಗುಡ್ಡದ ತಲೆಯ ಮೇಲೆ ಎರಡು ಭಾರೀ ಫಿರಂಗಿಗಳನ್ನು ಸುತ್ತ ತಿರುಗುವಂತೆ ಕೂರಿಸಿದರು. ಅವುಗಳ ಕೆಳಗೆ ಮದ್ದುಗುಂಡು ಇಡುವ ನೆಲಮನೆಗಳೂ ಉಂಟು. ಫಿರಂಗಿಗಳು ಇಂದಿಗೂ ಅಲ್ಲೇ ತುಕ್ಕು ಹಿಡಿದು ನಿಂತಿವೆ. 1909ರಲ್ಲಿ ಗುಹೆಗಳು ಸಂರಕ್ಷಿತ ಸ್ಮಾರಕವಾದವು. ಅಲ್ಲಿಂದ ಮುಂದೆ ದ್ವೀಪದ ಕಲ್ಲಿಗೆ ಒಬ್ಬ ಒಡೆಯ ಸಿಕ್ಕಂತಾಯಿತು. ದ್ವೀಪದ ಜನರನ್ನು ಯಾರೂ ಹಾಗೆ ವಹಿಸಿಕೊಳ್ಳಲಿಲ್ಲ.

ಇಪ್ಪತ್ತನೆಯ ಶತಮಾನದ ನಡುವಿನಿಂದ ಘಾರಾಪುರಿಯ ಸುತ್ತಲಿನ ನೀರು ಬೇರೆಯಾಯಿತು. ಟ್ರಾಂಬೆಯ ಕಡಲಂಚಿನಲ್ಲಿ 1954ರಲ್ಲಿ ಒಂದು, 1955ರಲ್ಲಿ ಇನ್ನೊಂದು ತೈಲ ಸಂಸ್ಕರಣಾಗಾರ ತಲೆಯೆತ್ತಿದವು. ಮೊದಲು ವಿದೇಶಿ ಕಂಪನಿಗಳದ್ದಾಗಿದ್ದ ಇವು ಎಪ್ಪತ್ತರ ದಶಕದಲ್ಲಿ ರಾಷ್ಟ್ರೀಕರಣವಾಗಿ ಹಿಂದೂಸ್ತಾನ್ ಪೆಟ್ರೋಲಿಯಂ ಮತ್ತು ಭಾರತ್ ಪೆಟ್ರೋಲಿಯಂ ಎಂಬ ಹೆಸರು ಪಡೆದವು. ಅವುಗಳಿಗೆ ಬೇಕಾದ ಕಚ್ಚಾತೈಲ ಇಳಿಸಲು ಘಾರಾಪುರಿಯ ಪಕ್ಕದಲ್ಲೇ ಇರುವ ಬುಚರ್ ದ್ವೀಪವನ್ನು ಆರಿಸಿದರು. ಇಂದಿನ ಹೆಸರು ಜವಾಹರ್ ದ್ವೀಪ. ದೊಡ್ಡ ಟ್ಯಾಂಕರ್ ಹಡಗುಗಳು ಅಲ್ಲಿ ಲಂಗರು ಹಾಕುತ್ತವೆ, ತೈಲ ಕಡಲತಳದ ಪೈಪುಗಳಲ್ಲಿ ದಡಕ್ಕೆ ಹರಿಯುತ್ತದೆ. ಹೊರಗಿನವರಿಗೆ ಪ್ರವೇಶವಿಲ್ಲ. ಟ್ರಾಂಬೆಯ ಇನ್ನೊಂದು ಮಗ್ಗುಲಲ್ಲಿ 1956ರ ಆಗಸ್ಟಿನಲ್ಲಿ ಅಪ್ಸರಾ ಪರಮಾಣು ರಿಯಾಕ್ಟರ್ ಕೆಲಸ ಆರಂಭಿಸಿತು. ಇವಲ್ಲದೆ ರಸಗೊಬ್ಬರದ ಕಾರ್ಖಾನೆ, ಉಷ್ಣ ವಿದ್ಯುತ್ ಸ್ಥಾವರ ಬಂದವು. ಪೂರ್ವದ ದಡದಲ್ಲಿ ಉರಣ್‌ನ ಅನಿಲ ವಿದ್ಯುತ್ ಸ್ಥಾವರ ಎದ್ದಿತು. 1989ರಲ್ಲಿ ನ್ಹಾವಾ ಶೇವಾದಲ್ಲಿ ಜವಾಹರಲಾಲ್ ನೆಹರೂ ಬಂದರು ತೆರೆದ ಮೇಲೆ, ಕಂಟೇನರ್ ಎತ್ತುವ ಕ್ರೇನುಗಳ ಸಾಲು ಮೋರಾ ಬಂದರಿನ ಮನೆಯಂಗಳದಿಂದಲೇ ಕಾಣತೊಡಗಿತು. 2024ರ ಜನವರಿಯಲ್ಲಿ ಶಿವಡಿಯಿಂದ ನ್ಹಾವಾಕ್ಕೆ 21.8 ಕಿಲೋಮೀಟರ್ ಉದ್ದದ ಅಟಲ್ ಸೇತು ತೆರೆಯಿತು. ಅದು ದ್ವೀಪದ ಉತ್ತರಕ್ಕೆ ಹಾದುಹೋಗುತ್ತದೆ, ದ್ವೀಪಕ್ಕೆ ಇಳಿಯುವುದಿಲ್ಲ.

ಕೈಗಾರಿಕೆ ಬಂದು ಬಿಟ್ಟುಹೋದ ಸಣ್ಣ ದ್ವೀಪಗಳು ಲೋಕದಲ್ಲಿ ಹಲವಿವೆ. ಜಪಾನಿನ ಹಾಶಿಮಾದಲ್ಲಿ ಕಲ್ಲಿದ್ದಲಿಗಾಗಿ ಕಡಲತಳ ತೋಡಿದರು. 1959ರಲ್ಲಿ ಆರೂಕಾಲು ಹೆಕ್ಟೇರ್ ಜಾಗದಲ್ಲಿ ಐದು ಸಾವಿರಕ್ಕೂ ಹೆಚ್ಚು ಜನ ಕಾಂಕ್ರೀಟ್ ಮಹಡಿಗಳಲ್ಲಿ ವಾಸವಾಗಿದ್ದರು. 1974ರಲ್ಲಿ ಗಣಿ ಮುಚ್ಚಿತು, ಎಲ್ಲರೂ ಖಾಲಿ ಮಾಡಿದರು. ಸ್ಕಾಟ್ಲೆಂಡಿನ ಈಸ್‌ಡೇಲ್‌ನಲ್ಲಿ ಚಾವಣಿಗೆ ಹೊದಿಸುವ ಸ್ಲೇಟ್ ಕಲ್ಲು ತೆಗೆಯುತ್ತಿದ್ದರು. 1881ರ ಬಿರುಗಾಳಿಗೆ ಕಡಲು ಗಣಿಗುಂಡಿಗಳೊಳಗೆ ನುಗ್ಗಿ ಆ ಉದ್ಯಮದ ಬೆನ್ನು ಮುರಿಯಿತು. ಈಗ ಅಲ್ಲಿ ಕೆಲವೇ ಮನೆಗಳಿವೆ. ಘಾರಾಪುರಿಯ ಸ್ಥಿತಿ ಇವೆರಡಕ್ಕಿಂತ ಭಿನ್ನ. ಇಲ್ಲಿ ಕೈಗಾರಿಕೆ ದ್ವೀಪದ ಮೇಲೆ ಹತ್ತಲೇ ಇಲ್ಲ. ಅದು ನೀರಿನ ಸುತ್ತ ಉಂಗುರ ಕಟ್ಟಿತು. ಸಂಬಳ ಆಚೆ ದಡಗಳಲ್ಲಿ ಉಳಿಯಿತು, ಹೊಗೆ ಮತ್ತು ಎಣ್ಣೆಪಸೆ ಈಚೆಗೆ ತೇಲಿ ಬಂತು.

ಅದರ ಪೆಟ್ಟು ಮೊದಲು ಬಿದ್ದದ್ದು ಮೀನಿನ ಮೇಲೆ. ಕೆಸರುಬಯಲು ಮತ್ತು ಕಾಂಡ್ಲಾ ಬೇರುಗಳ ನಡುವೆಯೇ ಸಿಗಡಿ, ಏಡಿ, ಮರಿಮೀನುಗಳು ಬೆಳೆಯುವುದು. ಹಡಗುದಾರಿಗೆ ಹೂಳೆತ್ತುವಾಗ ಕದಡಿದ ನೀರು, ಹಡಗುಗಳ ಓಡಾಟ, ಬಲೆ ಬೀಸಬಾರದ ನಿರ್ಬಂಧಿತ ಜಾಗಗಳು ಎಲ್ಲ ಸೇರಿ ಸಣ್ಣ ದೋಣಿಯವರ ಕಡಲನ್ನು ಕಿರಿದಾಗಿಸಿದವು. 2010ರ ಆಗಸ್ಟ್ 7ರಂದು ಬಂದರಿನ ಬಾಯಲ್ಲಿ ಎಂಎಸ್‌ಸಿ ಚಿತ್ರಾ ಮತ್ತು ಖಲೀಜಿಯಾ ಎಂಬ ಎರಡು ಹಡಗುಗಳು ಡಿಕ್ಕಿ ಹೊಡೆದು ನೂರಾರು ಟನ್ ತೈಲ ಸೋರಿತು, ಕಂಟೇನರುಗಳು ನೀರಿಗೆ ಬಿದ್ದವು. ಬಂದರಿನ ಸುತ್ತಲ ಕಾಂಡ್ಲಾ ಕಾಡುಗಳಿಗೆ ಎಣ್ಣೆ ಮೆತ್ತಿಕೊಂಡಿತು, ಮೀನುಗಾರಿಕೆ ನಿಂತಿತು. 2017ರ ಅಕ್ಟೋಬರಿನಲ್ಲಿ ಸಿಡಿಲು ಬಡಿದು ಜವಾಹರ್ ದ್ವೀಪದ ಡೀಸೆಲ್ ಟ್ಯಾಂಕೊಂದು ದಿನಗಟ್ಟಲೆ ಉರಿಯಿತು. ನಗರಕ್ಕೆ ಅದು ದೂರದ ಸುದ್ದಿ, ಘಾರಾಪುರಿಗೆ ಪಕ್ಕದ ಮನೆಯ ಬೆಂಕಿ.

ವಿದ್ಯುತ್ತಿನ ಕಥೆ ಇವೆಲ್ಲಕ್ಕಿಂತ ಮನಸ್ಸಿಗೆ ನಾಟುವಂಥದ್ದು. ನಮ್ಮ ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗೆ ವಿದ್ಯುತ್ ಹರಿದದ್ದು 1902ರಲ್ಲಿ, ಬೆಂಗಳೂರಿನಲ್ಲಿ ದೀಪ ಬೆಳಗಿದ್ದು 1905ರಲ್ಲಿ. ಘಾರಾಪುರಿ ಸೇರಿರುವ ರಾಯಗಢ ಜಿಲ್ಲೆಯದ್ದೇ ಆದ ಖೋಪೋಲಿಯಲ್ಲಿ 1915ರಲ್ಲಿ ಟಾಟಾ ಕಂಪನಿಯ ಜಲವಿದ್ಯುತ್ ಕೇಂದ್ರ ಶುರುವಾಗಿ ಮುಂಬಯಿಯ ಹತ್ತಿಗಿರಣಿಗಳನ್ನು ಓಡಿಸಿತು. ಐವತ್ತರ ದಶಕದಲ್ಲಿ ಟ್ರಾಂಬೆಯ ಚಿಮಣಿಗಳೂ ಜತೆಯಾದವು. ಹೀಗೆ ಎಲ್ಲ ದಿಕ್ಕಿನಲ್ಲೂ ವಿದ್ಯುತ್ ಹುಟ್ಟಿ ಎಲ್ಲ ದಿಕ್ಕಿಗೂ ಹಂಚಿಹೋಗುತ್ತಿದ್ದ ನೀರಿನ ನಡುವೆ ಮೂರು ಹಳ್ಳಿಗಳು ಡೀಸೆಲ್ ಜನರೇಟರ್ ನಂಬಿ ಕೂತಿದ್ದವು. ಅದು ಸಂಜೆ ಸುಮಾರು ಏಳರಿಂದ ಹತ್ತರವರೆಗೆ ಓಡುತ್ತಿತ್ತು. ಆಮೇಲೆ ಫ್ಯಾನಿಲ್ಲ, ಫ್ರಿಜ್ಜಿಲ್ಲ. ಹಿಡಿದ ಮೀನನ್ನು ತಣ್ಣಗಿಡಲು ಐಸ್ ತರಬೇಕೆಂದರೂ ದೋಣಿ ಬೇಕು. ಮಕ್ಕಳ ಓದು ಆ ಮೂರು ಗಂಟೆಯ ಒಳಗೆ ಮುಗಿಯಬೇಕಿತ್ತು.

ಕಷ್ಟ ತಂತ್ರಜ್ಞಾನದ್ದಾಗಿರಲಿಲ್ಲ, ಲೆಕ್ಕದ್ದಾಗಿತ್ತು. ಕೆಲವೇ ನೂರು ಮನೆಗಳಿಗಾಗಿ ಹಡಗುದಾರಿಯ ಅಡಿಯಲ್ಲಿ ಕೇಬಲ್ ಹೂಳುವ ಖರ್ಚನ್ನು ವಿದ್ಯುತ್ ಬಿಲ್ಲು ಎಂದಿಗೂ ತೀರಿಸದು. ಎಲ್ಲ ಸಣ್ಣ ದ್ವೀಪಗಳೂ ಸೋಲುವುದು ಈ ಲೆಕ್ಕದಲ್ಲೇ. ಕೊನೆಗೆ ನ್ಹಾವಾ ಕಡೆಯಿಂದ ಏಳೂವರೆ ಕಿಲೋಮೀಟರ್ ಉದ್ದದ ಕೇಬಲನ್ನು ಕಡಲತಳದಲ್ಲಿ ಎಳೆದರು. ಸುಮಾರು 25 ಕೋಟಿ ರೂಪಾಯಿ ಖರ್ಚಾಯಿತು. ಮೂರೂ ಹಳ್ಳಿಗಳಲ್ಲಿ ಟ್ರಾನ್ಸ್‌ಫಾರ್ಮರ್ ನಿಲ್ಲಿಸಿ 2018ರ ಫೆಬ್ರವರಿ 22ರಂದು ಕರೆಂಟ್ ಹರಿಸಿದರು. ಸ್ವಾತಂತ್ರ್ಯ ಬಂದು ಎಪ್ಪತ್ತು ವರ್ಷಗಳಾಗಿದ್ದವು, ವಿಶ್ವಪರಂಪರೆಯ ಪಟ್ಟ ಸಿಕ್ಕಿ ಮೂವತ್ತು ವರ್ಷಗಳಾಗಿದ್ದವು. ದಶಕಗಳ ಕಾಲ ಸಾಧ್ಯವಿಲ್ಲ ಎನ್ನಿಸಿಕೊಂಡದ್ದು, ಮನಸ್ಸು ಮಾಡಿದ ಮೇಲೆ ಒಂದೆರಡು ವರ್ಷದೊಳಗೆ ಆಗಿಹೋಯಿತು. ಹಾಗಾದರೆ ಅದು ಬಹಳ ಹಿಂದೆಯೇ ಆಗಬಹುದಿತ್ತು, ಆಗಬೇಕಿತ್ತು.

ಇದೇ ಅವಧಿಯಲ್ಲಿ ಸಾಷ್ಟಿಯ ಹಳ್ಳಿಗಳು ಏನಾದವು ಎಂಬುದಕ್ಕೆ ಪವಾಯಿ ಒಳ್ಳೆಯ ಉದಾಹರಣೆ. ಅಲ್ಲಿನ ಗುಡ್ಡಗಳೂ ದಖ್ಖನ್ನಿನ ಲಾವಾದವೇ. ಮುಂಬಯಿಗೆ ಕುಡಿಯುವ ನೀರಿಗೆಂದು 1891ರ ಹೊತ್ತಿಗೆ ಪವಾಯಿ ಕೆರೆ ಕಟ್ಟಿದರು. ಮರುವರ್ಷ ತಾನಸಾ ಜಲಾಶಯದ ನೀರು ನಗರ ಮುಟ್ಟಿತು, ಪವಾಯಿಯ ನೀರು ಕುಡಿಯಲು ಒಗ್ಗದೆ ಬೇರೆ ಬಳಕೆಗೆ ಉಳಿಯಿತು. 1948ರಲ್ಲಿ ಲಾರ್ಸನ್ ಅಂಡ್ ಟೂಬ್ರೊ ಕಂಪನಿ ಪೊದೆಬೆಳೆದ ಜವುಗು ನೆಲವನ್ನು ಕೊಂಡು ಕಾರ್ಖಾನೆ ಹಾಕಿತು. 1958ರಲ್ಲಿ ಸ್ಥಾಪನೆಯಾದ ಐಐಟಿಯೂ ಅಲ್ಲಿಗೆ ಬಂತು. ಕಲ್ಲುಕ್ವಾರಿಗಳು ಗುಡ್ಡ ಕಡಿದು ನಗರದ ಕಟ್ಟಡಗಳಿಗೆ ಜಲ್ಲಿ ಒದಗಿಸಿದವು, ಕ್ವಾರಿ ಬಿಟ್ಟ ನೆಲದ ಮೇಲೆ ಎಂಬತ್ತರ ದಶಕದಿಂದ ಗಗನಚುಂಬಿ ಮನೆಗಳೆದ್ದವು. ಒಂದೇ ಜಾತಿಯ ಕಲ್ಲು ಪವಾಯಿಯಲ್ಲಿ ಜಲ್ಲಿಯಾಯಿತು, ಘಾರಾಪುರಿಯಲ್ಲಿ ಸದಾಶಿವನಾಯಿತು. ಪವಾಯಿಗೆ ರಸ್ತೆ ಸಿಕ್ಕಿತು, ಕಾರ್ಖಾನೆ ಸಿಕ್ಕಿತು, ದುಡಿಮೆ ಸಿಕ್ಕಿತು, ಹಳ್ಳಿ ಕರಗಿಹೋಯಿತು. ಘಾರಾಪುರಿಗೆ ಇದಾವುದೂ ಸಿಗಲಿಲ್ಲ; ಹಳ್ಳಿ ಹಳ್ಳಿಯಾಗಿಯೇ ಉಳಿಯಿತು. ಯಾವುದು ಲಾಭ, ಯಾವುದು ನಷ್ಟ ಎಂದು ಹೊರಗಿನವರು ತೀರ್ಪು ಕೊಡುವುದು ಸುಲಭ. ಆಸ್ಪತ್ರೆಗೂ ಹೆಚ್ಚಿನ ಓದಿಗೂ ಕಡಲು ದಾಟಬೇಕಾದ ಮನೆಯವರಿಗೆ ಅದು ಅಷ್ಟು ಸುಲಭವಲ್ಲ.

ಈಗ ದ್ವೀಪದ ಬಹುಪಾಲು ದುಡಿಮೆ ಪ್ರವಾಸಿಗರಿಂದ. ಸ್ವಲ್ಪ ಭತ್ತ, ಸ್ವಲ್ಪ ಮೀನು, ದೋಣಿ ದುರಸ್ತಿ ಇನ್ನೂ ಇವೆ. ಇಳಿದಾಣದಿಂದ ಗುಡ್ಡದ ಬುಡಕ್ಕೆ ಪುಟಾಣಿ ರೈಲೊಂದು ಓಡುತ್ತದೆ. ಅಲ್ಲಿಂದ ನೂರಿಪ್ಪತ್ತು ಮೆಟ್ಟಿಲು. ಇಕ್ಕೆಲಗಳಲ್ಲೂ ತಾಡಪಾಲು ಕಟ್ಟಿದ ಅಂಗಡಿಗಳು: ಮಣಿಸರ, ಕಲ್ಲಿನ ಆನೆ, ಟೋಪಿ, ಸೌತೆಕಾಯಿ, ಮಾವಿನಕಾಯಿ ಹೋಳು, ಎಳನೀರು. ನಡೆಯಲಾಗದವರನ್ನು ಕುರ್ಚಿಯ ಡೋಲಿಯಲ್ಲಿ ಹೊತ್ತು ಹತ್ತಿಸುವವರಿದ್ದಾರೆ. ಬರುವ ಪ್ರತಿಯೊಬ್ಬರೂ ಗ್ರಾಮ ಪಂಚಾಯಿತಿಗೆ ಸಣ್ಣದೊಂದು ಕರ ಕೊಡುತ್ತಾರೆ. ಪ್ರವಾಸಿಗರು ರಾತ್ರಿ ತಂಗುವಂತಿಲ್ಲ. ಆದ್ದರಿಂದ ಬೆಳಗಿನ ಮೊದಲ ಲಾಂಚಿನಿಂದ ಸಂಜೆಯ ಕೊನೆಯ ಲಾಂಚಿನವರೆಗಿನ ಏಳೆಂಟು ಗಂಟೆಯಲ್ಲೇ ಊರಿನ ದಿನದ ಸಂಪಾದನೆ ಆಗಿಬಿಡಬೇಕು. ಸೋಮವಾರ ಗುಹೆ ಮುಚ್ಚಿರುತ್ತದೆ, ಅಂಗಡಿಗೆ ವ್ಯಾಪಾರವಿಲ್ಲ. ಮಳೆಗಾಲದಲ್ಲಿ ಕಡಲು ಒರಟಾದ ದಿನ ಲಾಂಚೇ ಹೊರಡುವುದಿಲ್ಲ. ಸಂರಕ್ಷಿತ ಸ್ಮಾರಕದ ಸುತ್ತ ಹೊಸ ಕಟ್ಟಡಕ್ಕೆ ಕಟ್ಟುನಿಟ್ಟಿನ ನಿಯಮಗಳಿವೆ. ಅವು ಗುಹೆಗಳಿಗೆ ಬೇಕೇ ಬೇಕು. ಆದರೆ ಬೆಳೆದ ಮಗನಿಗೆ ಒಂದು ಕೋಣೆ ಹೆಚ್ಚು ಕಟ್ಟಿಕೊಳ್ಳುವ ಸಂಸಾರವೂ ಅದೇ ನಿಯಮವನ್ನು ಎದುರಿಸಬೇಕಾಗುತ್ತದೆ. ಕಲ್ಲಿನ ಮುಖವನ್ನು ಕಾಪಾಡುವಷ್ಟೇ ಅಕ್ಕರೆಯಿಂದ ಈ ಮನೆಗಳ ಸಂಗತಿಯನ್ನೂ ಯೋಚಿಸುವ ಅಧಿಕಾರಿಗಳು ಬೇಕು.

ಕಡಲ ದಾರಿ ಎಷ್ಟು ನಾಜೂಕಿನದು ಎಂಬುದನ್ನು 2024ರ ಡಿಸೆಂಬರ್ 18 ತೋರಿಸಿತು. ಅಂದು ಗೇಟ್‌ವೇಯಿಂದ ಎಲಿಫೆಂಟಾಕ್ಕೆ ನೂರಕ್ಕೂ ಹೆಚ್ಚು ಜನರನ್ನು ಹೊತ್ತು ಹೊರಟಿದ್ದ ನೀಲ್‌ಕಮಲ್ ಎಂಬ ದೋಣಿಗೆ ನೌಕಾಪಡೆಯ ಸ್ಪೀಡ್‌ಬೋಟ್ ಬಂದು ಬಡಿಯಿತು. ಹದಿಮೂರಕ್ಕೂ ಹೆಚ್ಚು ಜನ ಪ್ರಾಣ ಕಳೆದುಕೊಂಡರು. ಆ ಬಳಿಕ ಪ್ರಯಾಣಿಕರೆಲ್ಲ ಲೈಫ್ ಜಾಕೆಟ್ ತೊಡುವುದು ಕಡ್ಡಾಯವಾಯಿತು. ಸೆಕೆಗೆ ಬೇಸತ್ತು ಅದನ್ನು ಬಿಚ್ಚಿ ಪಕ್ಕಕ್ಕಿಡುವವರು ಆ ದಿನವನ್ನು ನೆನೆಯಬೇಕು.

ದ್ವೀಪ ನೋಡಲು ಪವಾಯಿ ಕಡೆಯಿಂದ ಹೊರಡುವವರಿಗೆ ಕಾಂಜೂರ್‌ಮಾರ್ಗ್ ನಿಲ್ದಾಣದಲ್ಲಿ ಸೆಂಟ್ರಲ್ ಲೈನಿನ ಲೋಕಲ್ ಹಿಡಿದು ಛತ್ರಪತಿ ಶಿವಾಜಿ ಮಹಾರಾಜ ಟರ್ಮಿನಸ್‌ನಲ್ಲಿ ಇಳಿಯುವುದು ಅನುಕೂಲ. ಅಲ್ಲಿಂದ ಗೇಟ್‌ವೇಗೆ ಬಸ್ಸೋ ಟ್ಯಾಕ್ಸಿಯೋ ಸಿಗುತ್ತದೆ. ಲಾಂಚಿನಲ್ಲಿ ಹೆಚ್ಚುಕಡಿಮೆ ಒಂದು ಗಂಟೆ. ಮೇಲಂತಸ್ತಿನಲ್ಲಿ ಕುಳಿತರೆ ನೌಕಾನೆಲೆಯ ಹಡಗುಗಳು, ಜವಾಹರ್ ದ್ವೀಪದ ತೈಲ ಟ್ಯಾಂಕುಗಳು, ದೂರದಲ್ಲಿ ಟ್ರಾಂಬೆಯ ಗುಡ್ಡ ಒಂದಾದ ಮೇಲೊಂದು ಕಾಣುತ್ತವೆ. ಬಂದರಿನ ಕೈಗಾರಿಕೆಯ ಚರಿತ್ರೆಯನ್ನು ಇಷ್ಟು ಹತ್ತಿರದಿಂದ ಒಂದೇ ನೋಟದಲ್ಲಿ ತೋರಿಸುವ ದಾರಿ ಮುಂಬಯಿಯಲ್ಲಿ ಇನ್ನೊಂದಿಲ್ಲ.

ಬಹುತೇಕರು ಮೊದಲನೆಯ ಗುಹೆ ನೋಡಿ ಹಿಂತಿರುಗುತ್ತಾರೆ. ಒಂದು ಇಡೀ ದಿನ ಇಟ್ಟುಕೊಂಡವರು ಬೇಗ ಹೊರಟು, ಗುಂಪು ಸೇರುವ ಮುನ್ನ ಗುಹೆ ನೋಡಿ ಮುಗಿಸಿ, ಫಿರಂಗಿ ಗುಡ್ಡ ಹತ್ತಿ, ಆಮೇಲೆ ಹಳ್ಳಿಗಳ ಕಡೆ ನಡೆಯಬಹುದು. ಮಾವು, ಹುಣಿಸೆ, ತಾಳೆ ಮರಗಳ ನಡುವಿನ ಕಾಲುದಾರಿ ರಾಜ್ ಬಂದರಿಗೂ ಮೋರಾ ಬಂದರಿಗೂ ಒಯ್ಯುತ್ತದೆ. ಕೋತಿಗಳ ಕಾಟವಿದೆ, ಕೈಯಲ್ಲಿ ತಿಂಡಿ ಹಿಡಿಯಬಾರದು. ಇವು ಜನ ವಾಸಿಸುವ ಮನೆಗಳು. ಅಂಗಳ ಹೊಕ್ಕು ಫೋಟೊ ತೆಗೆಯುವ ಮೊದಲು ಒಂದು ಮಾತು ಕೇಳಬೇಕು. ಊಟವನ್ನು ಊರಿನವರ ಖಾನಾವಳಿಯಲ್ಲೇ ಮಾಡಿದರೆ ಪ್ರವಾಸಿಗರ ಹಣ ದ್ವೀಪದಲ್ಲೇ ಉಳಿಯುತ್ತದೆ. ಬಾಟಲಿ, ಪೊಟ್ಟಣಗಳನ್ನು ವಾಪಸು ಒಯ್ಯುವುದೂ ಅಷ್ಟೇ ಮುಖ್ಯ. ಇಲ್ಲಿ ಎಸೆದ ಪ್ಲಾಸ್ಟಿಕ್ಕನ್ನು ದಡಕ್ಕೆ ಸಾಗಿಸಲು ಮತ್ತೆ ದೋಣಿಯೇ ಬೇಕು.

ಶಿವಡಿಯಿಂದ ಘಾರಾಪುರಿಗೆ ಸುಮಾರು ಎಂಟು ಕಿಲೋಮೀಟರ್ ಉದ್ದದ ಕೇಬಲ್ ಕಾರ್ ಹಾಕುವ ಪ್ರಸ್ತಾಪವನ್ನು ಬಂದರು ಮಂಡಳಿ ಕೆಲವು ವರ್ಷಗಳ ಹಿಂದೆ ಮುಂದಿಟ್ಟಿತ್ತು. ಅಂಥದ್ದು ಬಂದರೆ ಪ್ರವಾಸಿಗರ ಸಂಖ್ಯೆ ಒಮ್ಮೆಲೇ ಹೆಚ್ಚುತ್ತದೆ. ಲಾಂಚ್ ನಡೆಸುವವರ ಹೊಟ್ಟೆಪಾಡಿಗೆ ಏನಾಗುತ್ತದೆ, ಸಣ್ಣ ದ್ವೀಪದ ನೀರು ಎಷ್ಟು ಜನರಿಗೆ ಸಾಕಾಗುತ್ತದೆ, ಗುಡ್ಡದ ಮೇಲೆ ಕಂಬ ನಿಲ್ಲಿಸಿದರೆ ಗುಹೆಗಳಿಗೆ ಧಕ್ಕೆಯಾಗದೇ ಎಂಬ ಪ್ರಶ್ನೆಗಳು ಮೊದಲು ತೀರ್ಮಾನವಾಗಬೇಕು. ಆ ತೀರ್ಮಾನದ ಮೇಜಿನಲ್ಲಿ ಶೇಟ್ ಬಂದರ್, ರಾಜ್ ಬಂದರ್, ಮೋರಾ ಬಂದರಿನವರಿಗೂ ಕುರ್ಚಿ ಇರಬೇಕು.